ದ್ರೌಪತಿ ಕಿತ್ತ ಜೇಕು

ದುಬಲಗುಂಡಿಯ ಮಚ್ಚೇಂದ್ರ ಗಾಲ್ಫ್ ಆಟಗಾರ ಎಂದರೆ ಹುಮನಾಬಾದಿನ ಚಹಾದಂಗಡಿಗಳಲ್ಲಿ ಜನ ಈಗಲೂ ನಗುತ್ತಾರೆ. ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ. ನಲವತ್ತು ವರ್ಷ ಕೂಲಿಕಾರರ ಮೆರವಣಿಗೆಗಳಲ್ಲಿ ಕೂಗಿ ಗಂಟಲು ಹರಿದುಕೊಂಡವನು ನಾನು. ಗಾಲ್ಫ್ ಎಂದರೆ ನನಗೆ ಗೊತ್ತಿದ್ದದ್ದು ಇಷ್ಟೇ: ಬಡವರ ನೆಲ ಕಸಿದು, ಅದಕ್ಕೆ ಕುಡಿಯುವ ನೀರು ಹಾಯಿಸಿ, ಸಾಹುಕಾರರು ಹೊಟ್ಟೆ ಕರಗಿಸಲು ಅಡ್ಡಾಡುವ ಜಾಗ. ಆ ಮಾತನ್ನು ನಾನಿನ್ನೂ ಪೂರ್ತಿ ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೆ ಮಚ್ಚೇಂದ್ರ ಮತ್ತು ಅವನ ಹೆಂಡತಿ ದ್ರೌಪತಿ ಆ ಮಾತಿನೊಳಗೆ ಹಿಡಿಸುವವರಲ್ಲ.

ಮಚ್ಚೇಂದ್ರನಿಗೆ ಬೇಕಾಗಿದ್ದದ್ದು ಒಂದೇ: ಟೂರ್ ಕಾರ್ಡ್. ಓದುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಗಾಲ್ಫನ್ನೇ ಉದ್ಯೋಗ ಮಾಡಿಕೊಂಡವರಿಗೆ ವರ್ಷಕ್ಕೊಮ್ಮೆ ಒಂದು ಅರ್ಹತಾ ಪಂದ್ಯ ನಡೆಯುತ್ತದೆ. ನೂರಕ್ಕೂ ಹೆಚ್ಚು ಮಂದಿ ನಾಲ್ಕು ದಿನ ಆಡುತ್ತಾರೆ. ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಿದ ಮೊದಲ ಮೂವತ್ತು ಮಂದಿಗೆ ಕಾರ್ಡ್ ಸಿಗುತ್ತದೆ. ಅದು ಕೈಲಿದ್ದರೆ ಮುಂದಿನ ಒಂದು ವರ್ಷ ದೇಶದ ಯಾವ ದೊಡ್ಡ ಪಂದ್ಯಕ್ಕೆ ಹೋದರೂ ನಿನ್ನ ಹೆಸರು ಪಟ್ಟಿಯಲ್ಲಿ ಇರುತ್ತದೆ. ಇಲ್ಲದಿದ್ದರೆ ಬಾಗಿಲ ಹೊರಗೆ. ಹೊರಗೆ ಎಂದರೆ, ಮಚ್ಚೇಂದ್ರನಂಥವನಿಗೆ, ಮತ್ತೆ ಇನ್ನೊಬ್ಬನ ಚೀಲ ಹೊರುವ ಕ್ಯಾಡಿ ಕೆಲಸ.

ಅವನು ಹುಟ್ಟಿದ್ದು ೧೯೮೮ರಲ್ಲಿ, ದುಬಲಗುಂಡಿಯ ಬೌದ್ಧರ ಓಣಿಯಲ್ಲಿ. ತಂದೆಯ ಮುಖ ನೆನಪಿಲ್ಲ. ತಾಯಿ ಸೋನುಬಾಯಿ ಒಂದೂವರೆ ಎಕರೆ ಎರೆ ಹೊಲದಲ್ಲಿ ತೊಗರಿ ಹಾಕಿ, ಉಳಿದ ದಿನ ಬೇರೆಯವರ ಹೊಲಕ್ಕೆ ಕೂಲಿ ಹೋಗಿ ಅವನನ್ನು ಹತ್ತನೇ ತರಗತಿ ದಾಟಿಸಿದಳು. ಹತ್ತೊಂಬತ್ತನೆಯ ವಯಸ್ಸಿಗೆ ಅವನನ್ನು ಹೈದರಾಬಾದಿಗೆ ಕರೆದೊಯ್ದವನು ಮುಕಾದಮ ಕಾಶಿರಾಮ. ಊರೂರಿನಿಂದ ಆಳು ಕೂಡಿಸಿ ಕೆಲಸಕ್ಕೆ ಒಯ್ಯುವ ಮನುಷ್ಯ. "ಮಣ್ಣ ಹೊರಾ ಕೆಲಸ" ಎಂದಷ್ಟೇ ಹೇಳಿ ಹನ್ನೆರಡು ಜನರನ್ನು ಲಾರಿಯಲ್ಲಿ ತುಂಬಿಕೊಂಡು ಹೋದ. ಕಲ್ಲುಬಂಡೆಗಳ ಗುಡ್ಡವೊಂದನ್ನು ಕಡಿದು, ಮಣ್ಣು ಹೊತ್ತು ಹಾಕಿ, ಎರಡು ವರ್ಷ ದುಡಿದ ಮೇಲೆ ಅಲ್ಲಿ ಗಾಲ್ಫ್ ಕೋರ್ಸ್ ಎದ್ದಿತು. ಮಣ್ಣು ಹೊತ್ತ ಹನ್ನೊಂದು ಜನ ಊರಿಗೆ ಮರಳಿದರು. ಮಚ್ಚೇಂದ್ರ ಅಲ್ಲೇ ಕ್ಯಾಡಿಯಾಗಿ ನಿಂತ.

ಸೋಮವಾರ ಕೋರ್ಸಿಗೆ ರಜೆ. ಅವತ್ತು ಕ್ಯಾಡಿಗಳು ಆಡಬಹುದು. ಯಾರೋ ಬಿಸಾಕಿದ ಮುರುಕಲು ಕೋಲುಗಳಿಂದ ಮಚ್ಚೇಂದ್ರ ಸೋಮವಾರಗಳಂದು ಆಟ ಕಲಿತ. ಚೆಂಡನ್ನು ದೂರ ಹೊಡೆಯುವುದು ಅವನಿಗೆ ಬೇಗ ಬಂತು. ಚಿನ್ನಿದಾಂಡು ಆಡಿದ ಕೈ. ಬರದೇ ಹೋದದ್ದು ಗ್ರೀನಿನ ಆಟ. ಗ್ರೀನ್ ಎಂದರೆ ತೂತಿನ ಸುತ್ತ ಗಾದಿಯ ಹಾಗೆ ನುಣ್ಣಗೆ ಕತ್ತರಿಸಿದ ಹುಲ್ಲು. ಅಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸಿ ತೂತಿಗೆ ಬೀಳಿಸಬೇಕು. ನೂರಾರು ಮಾರು ಹೊಡೆದ ಚೆಂಡು ಗ್ರೀನಿಗೆ ಬಂದು ಬಿದ್ದ ಮೇಲೆ, ಕೊನೆಯ ಎರಡು ಮಾರಿನಲ್ಲಿ ಅವನು ಸೋಲುತ್ತಿದ್ದ.

ಒಂದು ಸೋಮವಾರ ಒಂದೇ ಜಾಗದಿಂದ ಮೂರು ಸಲ ಉರುಳಿಸಿದ. ಮೂರೂ ಸಲ ಚೆಂಡು ತೂತಿನ ಬಲಕ್ಕೆ ಜಾರಿತು. ಚೆಂಡಿನ ಅವ್ವ ಅಕ್ಕ ಎಲ್ಲರನ್ನೂ ನೆನೆದು ಬಯ್ದ. ಗ್ರೀನಿನ ಅಂಚಿನಲ್ಲಿ ಮೊಳಕಾಲೂರಿ ಖುರಪಿಯಿಂದ ಕಸ ತೆಗೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ತಲೆ ಎತ್ತದೆ ಅಂದಳು:

"ಹುಲ್ಲು ಯಾವ ಕಡಿ ಮಲಗ್ಯಾದ ನೋಡಿ ಹೊಡೀರಿ. ಸುಮ್ನ ಚೆಂಡಿಗ್ಯಾಕ ಬಯ್ತೀರಿ."

"ನಿನಗೇನ ತಿಳೀತದ ಇದರಾಗ?"

"ನಾ ಮುಂಜಾನಿಂದ ಅದರ ಮ್ಯಾಲೇ ಮೊಳಕಾಲೂರೀನಿ. ನೀವು ಈಗ ಬೂಟ ಹಾಕ್ಕೊಂಡ ಬಂದೀರಿ."

ಜೊತೆಯ ಕ್ಯಾಡಿಗಳು ಹೋ ಎಂದರು. "ಮಚ್ಚ್ಯಾ, ಗುರು ಸಿಕ್ಕಳಲ್ಲೋ ನಿನಗ. ದಕ್ಷಿಣಿ ಏನ್ ಕೊಡ್ತಿ?"

ಅವಳು ಹೇಳಿದ ಕಡೆಗೆ, ನಾಲ್ಕು ಬೆರಳು ಎಡಕ್ಕೆ, ಹೊಡೆದ. ಚೆಂಡು ಬಿತ್ತು. ಅವಳು ತಲೆ ಎತ್ತಿ ನೋಡಲೂ ಇಲ್ಲವಂತೆ. ಅದೇ ಅವನಿಗೆ ಹಿಡಿಸಿದ್ದು.

ಅವಳು ಹುಡಗಿ ಎಂಬ ಊರಿನ ದ್ರೌಪತಿ. ಹುಮನಾಬಾದಿನ ಬಗಲಿಗೇ ಇರುವ ಊರು. ಅದೇ ಕಾಶಿರಾಮ ಕರೆತಂದ ಹೆಂಗಸರ ಗುಂಪಿನಲ್ಲಿ ಬಂದವಳು. ದಿನಕ್ಕೆ ಎಂಟು ತಾಸು ಗ್ರೀನಿನ ಮೇಲೆ ಮೊಳಕಾಲಿನಲ್ಲಿ ಸರಿಯುತ್ತ ಕಸ ಕೀಳುವುದು ಅವಳ ಕೆಲಸ. ಅಂಗೈ ಸವರಿದರೆ ಸಾಕು, ಹುಲ್ಲು ಯಾವ ಕಡೆ ವಾಲಿದೆ, ನೀರು ಎಲ್ಲಿ ಹೆಚ್ಚು ನಿಂತಿದೆ, ನೆಲ ಎಲ್ಲಿ ಕೂದಲೆಳೆಯಷ್ಟು ಇಳಿದಿದೆ ಎಂದು ಹೇಳುತ್ತಿದ್ದಳು. ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಇದು ಒಂದು ವಿದ್ಯೆ ಎಂದು ಅವಳಿಗೂ ಗೊತ್ತಿರಲಿಲ್ಲ. ಹುಲ್ಲಿನ ಬಗ್ಗೆ ಮೂರು ದಿನ ತರಬೇತಿ ಕೊಡಲು ಪರದೇಶದಿಂದ ಒಬ್ಬ ಬಂದಿದ್ದನಂತೆ. ಆ ಮೂರು ದಿನ ಈ ಹೆಂಗಸರಿಗೆ ರಜೆ.

೨೦೧೨ರಲ್ಲಿ ಹುಮನಾಬಾದಿನಲ್ಲಿ ಅವರ ಮದುವೆಯಾಯಿತು. ಆಮೇಲೆ ಮಚ್ಚೇಂದ್ರನ ಆಟ ಬೇರೆಯಾಯಿತು. ೨೦೧೬ರಲ್ಲಿ ವೃತ್ತಿ ಆಟಗಾರನೆಂದು ಹೆಸರು ಬರೆಸಿದ. ಮುಂದಿನ ವರ್ಷದ ಅರ್ಹತಾ ಪಂದ್ಯದಲ್ಲಿ ಮೂವತ್ತರೊಳಗೆ ಬರಲಿಲ್ಲ; ಆದರೆ ಕಾರ್ಡ್ ಇದ್ದವರು ಯಾರಾದರೂ ತಪ್ಪಿಸಿದರೆ ಆ ಜಾಗಕ್ಕೆ ಕರೆಯುವ ಪಟ್ಟಿಯಲ್ಲಿ ಹೆಸರು ಬಂತು. ಎರಡು ವರ್ಷ ಹಾಗೆ ಒಂಬತ್ತು ಪಂದ್ಯ ಆಡಿದ. ಪ್ರತಿ ಸಲ ಯಾರಿಗೆ ಜ್ವರ ಬಂತು, ಯಾರ ಕಾಲು ಉಳುಕಿತು ಎಂದು ಫೋನ್ ಕಾಯುವುದು. ಒಮ್ಮೆ ಇಪ್ಪತ್ತೆರಡನೆಯವನಾಗಿ ಬಂದ. ಅವನ ಬದುಕಿನ ದೊಡ್ಡ ಫಲಿತಾಂಶ ಅದು. ಬೀದರ ಜಿಲ್ಲೆಯ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಪಂದ್ಯಗಳಿಗೆ ದ್ರೌಪತಿ ಹೋಗುತ್ತಿರಲಿಲ್ಲ. ಅವಳು ಕಸ ತೆಗೆಯುವ ಆಳು. ಅವಳ ಕೈಗೆ ಚೀಲ ಕೊಡುವುದು ಆ ಕೋರ್ಸಿನಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಮಚ್ಚೇಂದ್ರನ ತಲೆಗೂ.

ಹೊಳೆದದ್ದು ಲಾಕ್‌ಡೌನಿನಲ್ಲಿ. ಕೋರ್ಸ್ ಮುಚ್ಚಿತು, ಇಬ್ಬರೂ ದುಬಲಗುಂಡಿಗೆ ಬಂದರು. ಹೊಲದ ಮೂಲೆಯಲ್ಲಿ ಬಾವಿ ಪಕ್ಕ ದ್ರೌಪತಿ ನೆಲ ಹಸನು ಮಾಡಿ, ಬರುವಾಗ ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದ ಹುಲ್ಲನ್ನು ಒಂದೊಂದೇ ಎಳೆಯಾಗಿ ನೆಟ್ಟಳು. ಗಾಲ್ಫಿನ ಹುಲ್ಲು ಎಂದರೆ ಕರಿಕೆಯ ಜಾತಿಯೇ. ಕರಿಕೆ! ಎರೆ ಹೊಲದವರಿಗೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. ಬೇರು ಮೊಳಗಟ್ಟಲೆ ಕೆಳಗಿಳಿದಿರುತ್ತದೆ. ಅತ್ತೆ ಸೋನುಬಾಯಿ ಬದುವಿನ ಮೇಲೆ ಕೂತು ನೋಡುತ್ತಲೇ ಇದ್ದಳು.

"ಈ ಕರಿಕಿ ತಗ್ಯಾಕ ಹೋಗಿ ನನ್ನ ನಡಾ ಮುರದದ. ನಿಮ್ಮ ಮಾವನ ನಡಾನೂ ಮುರದಿತ್ತು. ನೀ ನೋಡಿದ್ರ ಪ್ಯಾಟಿಂದ ಚೀಲದಾಗ ತಂದು ಹಚ್ಚಾಕತ್ತಿ."

"ಇದು ಬ್ಯಾರೆ ಕರಿಕಿ ಅತ್ತಿ. ಸಣ್ಣದು."

"ಹಾಂ, ಇದು ಸಾಹೇಬರ ಕರಿಕಿ. ಏನ್ ಬೆಳಿತದ ಇದರಾಗ?"

"ಒಂದು ತೂತು ಬೆಳಿತದ ಅವ್ವ," ಎಂದ ಮಚ್ಚೇಂದ್ರ.

"ತೂತು ನಮ್ಮ ಮನ್ಯಾಗ ಬೇಕಾದಷ್ಟವ. ತಗಡಿಗಿ ಹೋಗಿ ನೋಡು."

ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮನ್ನು ಉರುಳಿಸಿ ನೆಲ ಸಮ ಮಾಡಿದರು. ಕುರಿ ಉಣ್ಣೆ ಕತ್ತರಿಸುವ ಕತ್ತರಿಯಿಂದ ಹುಲ್ಲು ಸವರಿದರು. ಕೋಣೆಯಷ್ಟೇ ಅಗಲದ ಗ್ರೀನ್. ಕೋರ್ಸ್ ತೆರೆದ ಮೇಲೂ ಮಚ್ಚೇಂದ್ರ ವರ್ಷದಲ್ಲಿ ಆರು ತಿಂಗಳು ಇಲ್ಲೇ ಇರತೊಡಗಿದ. ಮುಂಜಾನೆ ಎದ್ದ ಕೂಡಲೇ ದ್ರೌಪತಿ ಅದರ ಕಸ ಕೀಳುತ್ತಿದ್ದಳು, ಆಮೇಲೆ ಇಬ್ಬರೂ ಆಟಕ್ಕೆ ನಿಲ್ಲುತ್ತಿದ್ದರು. ಅವಳು ಹೇಳುವುದು, ಅವನು ಹೊಡೆಯುವುದು. ಜನ ಬದುವಿನ ಮೇಲೆ ನಿಂತು ನೋಡಿ, ತಲೆ ಕೆಟ್ಟದೆ ಎಂದು ಹೋಗುತ್ತಿದ್ದರು. ನಾನು ಮೊದಲು ಅವರನ್ನು ನೋಡಿದ್ದು ಅಲ್ಲಿಯೇ. ಕೂಲಿಕಾರರ ಪಟ್ಟಿ ಬರೆದುಕೊಳ್ಳಲು ಊರಿಗೆ ಹೋದವನು ಎರಡು ತಾಸು ನಿಂತೆ. ಗಂಡ ಹೆಂಡತಿ ಒಂದೇ ಕೆಲಸವನ್ನು ಅಷ್ಟು ಸರಿಯಾಗಿ ಹಂಚಿಕೊಂಡು ಮಾಡುವುದನ್ನು ನಾನು ನೋಡಿದ್ದು ಕಡಿಮೆ.

೨೦೨೩ರ ಅರ್ಹತಾ ಪಂದ್ಯಕ್ಕೆ ಅವಳನ್ನೇ ಕ್ಯಾಡಿ ಮಾಡಿಕೊಂಡು ಹೋಗುವುದೆಂದು ನಿಶ್ಚಯವಾಯಿತು. ಅವನಿಗೆ ಮೂವತ್ತೈದು. ಸೊಂಟ ಆಗಲೇ ಬೇರೆ ಮಾತು ಆಡುತ್ತಿತ್ತು. ಈ ಸಲ ಕಾರ್ಡ್ ಸಿಗದಿದ್ದರೆ ಮುಂದೆ ಸಿಗುವುದು ಕಷ್ಟ ಎಂದು ಇಬ್ಬರಿಗೂ ಗೊತ್ತಿತ್ತು.

ಒಂದು ತಿಂಗಳು ಅವಳಿಗೆ ನಿಯಮಗಳ ಪಾಠ ನಡೆಯಿತು. ಬೇರೆಯವರ ಚೆಂಡು ಉರುಳುವ ದಾರಿಯನ್ನು ತುಳಿಯಬಾರದು. ನೆರಳು ಬೀಳಿಸಬಾರದು. ಆಟಗಾರ ಗುರುತು ಇಡುವ ತನಕ ಚೆಂಡು ಮುಟ್ಟಬಾರದು. ತೂತಿನ ಬಾವುಟ ಹೀಗೆ ಹಿಡಿಯಬೇಕು, ಹೀಗೆ ಇಡಬೇಕು. ಎಲೆ, ಕಡ್ಡಿ, ಸಣ್ಣ ಕಲ್ಲು ಬಿದ್ದಿದ್ದರೆ ತೆಗೆಯಬಹುದು. ಎಲ್ಲವನ್ನೂ ಅವಳು ಬಾಯಿಪಾಠ ಮಾಡಿದಳು, ಸೋನುಬಾಯಿ ಪರೀಕ್ಷೆ ತೆಗೆದುಕೊಂಡಳು. ಒಂದು ನಿಯಮವನ್ನು ಮಾತ್ರ ಮಚ್ಚೇಂದ್ರ ಹೇಳಲಿಲ್ಲ. ಚೆಂಡಿನ ದಾರಿಯಲ್ಲಿ ಬೇರುಬಿಟ್ಟು ಬೆಳೆದದ್ದನ್ನು ಕೀಳಬಾರದು ಎಂಬುದು. ಅವನಿಗೆ ಗೊತ್ತಿತ್ತು, ಹೇಳಬೇಕು ಅಂತ ಹೊಳೆಯಲಿಲ್ಲ. ಆಮೇಲೆ ನನಗೆ ಹೇಳಿದ: "ಕಾಕಾ, ಕಸಾ ಕೀಳಬ್ಯಾಡ ಅಂತ ನಮಗ ಯಾವ ಮಗಾ ಹೇಳ್ಯಾನ ಹೇಳ್ರಿ. ಕೀಳಲಿಲ್ಲಾಂತ ಬಯ್ಯವರ ಇದ್ರು."

ಪಂದ್ಯ ಗುಜರಾತಿನ ಕಡೆ. ಕ್ಯಾಡಿಗಳಿಗೆ ತೊಡಲು ಕೊಟ್ಟ ಅಂಗಿಯ ಮೇಲೆ ಆಟಗಾರನ ಹೆಸರು ಇರುತ್ತದೆ. ದ್ರೌಪತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊರಾಕಿ ನಾ, ಹೆಸರು ನಿಮ್ದು" ಅಂದಳಂತೆ. ಮೊದಲ ದಿನ ಉಳಿದ ಕ್ಯಾಡಿಗಳು ತಮ್ಮತಮ್ಮಲ್ಲಿ ನಕ್ಕರು. ಎರಡನೆಯ ದಿನ ನಗಲಿಲ್ಲ. ಮೂರನೆಯ ದಿನ ಒಬ್ಬಿಬ್ಬರು, ಅವಳು ಗ್ರೀನಿನ ಮೇಲೆ ಕೂತು ಅಂಗೈ ಆಡಿಸದೆ ಬರೀ ಕಣ್ಣಿನಿಂದ ಹೇಗೆ ನೋಡುತ್ತಾಳೆಂದು ದೂರದಿಂದ ನೋಡಿದರು. ಅಂಗೈಯಿಂದ ಸವರಬಾರದೆಂಬ ನಿಯಮ ಅವಳಿಗೆ ಗೊತ್ತಿತ್ತು. ಪಾಲಿಸಿದಳು.

ನಾಲ್ಕನೆಯ ದಿನ, ಹದಿನೆಂಟನೆಯ ತೂತು. ಕೊನೆಯದು. ಮಚ್ಚೇಂದ್ರ ಮೂವತ್ತರ ಅಂಚಿನಲ್ಲಿದ್ದ. ಚೆಂಡು ತೂತಿನಿಂದ ಮೂರು ಮಾರು ದೂರ. ಅವನು ತೂತಿನ ಆಚೆ ಬದಿಗೆ ಹೋಗಿ ಕೂತು ಇಳಿಜಾರು ನೋಡಿದ. ಅವಳು ಚೆಂಡಿನ ಹಿಂದೆ ಕೂತಳು. ಅವನು ಬಂದ. ಅವಳು, "ಒಂದು ಗೇಣು ಎಡಕ್ಕ. ಮೆಲ್ಲಗ. ಮುಂದ ತಾನಾ ಇಳೀತದ" ಅಂದಳು. ಹೊಡೆದ. ಹೋಗಿ ಬಿತ್ತು.

ಅಂಕದ ಹಾಳೆ ಒಪ್ಪಿಸುವ ಡೇರೆಗೆ ಹೋದರು. ಹಾಳೆಗೆ ಮಚ್ಚೇಂದ್ರ ಸಹಿ ಹಾಕಿದ. ಅವತ್ತು ಜೊತೆಗೆ ಆಡಿದ್ದ ಪುಣೆಯ ಹುಡುಗ ಕುನಾಲ ಒಳ್ಳೆಯವನು. ಅದೇ ಹಾಳೆಗೆ ಸಾಕ್ಷಿ ಸಹಿ ಹಾಕುತ್ತಲೇ ಮೇಜಿನ ಆಚೆಗಿದ್ದ ಅಧಿಕಾರಿಗೆ ಹಿಂದಿಯಲ್ಲಿ ಹೇಳಿದ, ಸರ್, ಕೊನೆಯ ಹೊಡೆತ ನೀವು ನೋಡಬೇಕಿತ್ತು, ಅಂಥ ದಾರಿಯನ್ನು ನಾನು ಹತ್ತು ಸಲ ನೋಡಿದರೂ ತಿಳಿಯುತ್ತಿರಲಿಲ್ಲ. ಮಚ್ಚೇಂದ್ರ ಹೆಮ್ಮೆಯಿಂದ ದ್ರೌಪತಿಯ ಕಡೆ ಕೈ ತೋರಿಸಿದ. "ಅದು ಇವಳ ಕೆಲಸ."

ಅಧಿಕಾರಿ ನೆರೆಗೂದಲಿನ ಮನುಷ್ಯ, ಸಮಾಧಾನಿ. ಕನ್ನಡಕ ಹಣೆಗೆ ಏರಿಸಿ ಕೇಳಿದ: "ಹೌದೇನಮ್ಮ? ಏನು ನೋಡಿದಿರಿ?"

ಅವಳು ಹೇಳಿದಳು. ತನ್ನ ಹೈದರಾಬಾದಿ ಹಿಂದಿಯಲ್ಲಿ, ಮೊದಲು ತಡವರಿಸಿ, ಆಮೇಲೆ ಸರಾಗವಾಗಿ. ಮುಂಜಾನೆ ಯಾವ ಕಡೆಯಿಂದ ಕತ್ತರಿಸಿದ್ದಾರೆ, ಹುಲ್ಲು ಹೊತ್ತು ಏರಿದ ಮೇಲೆ ಯಾವ ಕಡೆ ತಿರುಗಿದೆ, ಎಡಕ್ಕೆ ನೀರು ನಿಂತು ನೆಲ ಮೆತ್ತಗಾಗಿದೆ, ಹೀಗೆ. ಅಧಿಕಾರಿ ತಲೆದೂಗುತ್ತ ಕೇಳಿದ. ಕುನಾಲನ ಕ್ಯಾಡಿಯೂ ಬಾಗಿ ಕೇಳಿದ.

"ಮತ್ತ ನಡುವ ಒಂದು ಜೇಕು ಎದ್ದಿತ್ತರಿ ಸಾಹೇಬ. ಸಣ್ಣ ಮೊಳಕಿ. ಇವರು ಆಚಿಂದ ತಿರುಗಿ ಬರೂದ್ರಾಗ ಅದನ್ನ ಕಿತ್ತಿ ಒಗದೆ."

ಜೇಕು ಎಂದರೆ ಹೊಲದಲ್ಲೂ ಗ್ರೀನಿನಲ್ಲೂ ಏಳುವ ಕಳೆ, ಸೂಜಿಯಂಥದ್ದು. ಮಚ್ಚೇಂದ್ರ ಪೆನ್ನನ್ನು ಮೇಜಿನ ಮೇಲೆ ಇಟ್ಟ.

ಅಧಿಕಾರಿ ಕೂಡಲೇ ಏನೂ ಬರೆಯಲಿಲ್ಲ. ಅವನಿಗೆ ಮನಸ್ಸಿರಲಿಲ್ಲ ಎಂದು ಮಚ್ಚೇಂದ್ರನೇ ಹೇಳುತ್ತಾನೆ. ಎರಡು ಸಲ ಕೇಳಿದ. "ಚೆಂಡು ಹೋದ ದಾರಿಯಲ್ಲೇ ಇತ್ತೋ, ಆಚೆಗೆ ಇತ್ತೋ? ನೆನಪು ಮಾಡಿಕೊಂಡು ಹೇಳಿ."

"ಬರೋಬರಿ ದಾರ್ಯಾಗೇ ಇತ್ತರಿ," ಎಂದಳು ದ್ರೌಪತಿ. "ಅದಕ್ಕೇ ಕಿತ್ತೆ. ಬಾಜೂಕ ಇನ್ನಾ ಎರಡು ಇದ್ದು, ಅವ ಬಿಟ್ಟೆ."

ಎರಡು ಹೊಡೆತಗಳ ದಂಡ. ಕ್ಯಾಡಿ ಮಾಡಿದ್ದು ಆಟಗಾರ ಮಾಡಿದಂತೆ. ಸಹಿ ಹಾಕುವಾಗ ಅವನಿಗೆ ಗೊತ್ತಿರಲಿಲ್ಲವಾದ್ದರಿಂದ ಪಂದ್ಯದಿಂದಲೇ ತೆಗೆದುಹಾಕಲಿಲ್ಲ; ಎರಡು ಸೇರಿಸಿದರು, ಅಷ್ಟೇ. ಸಂಜೆಗೆ ಪಟ್ಟಿ ಬಂತು. ದಂಡ ಇಲ್ಲದಿದ್ದರೆ ಅವನು ಗಡಿಗೆ ಒಂದು ಹೊಡೆತ ಒಳಗೆ. ದಂಡದಿಂದ ಒಂದು ಹೊಡೆತ ಹೊರಗೆ. ಅಂದರೆ ಆ ಜೇಕು ಅಲ್ಲೇ ಇದ್ದು, ಚೆಂಡು ಅದಕ್ಕೆ ತಗುಲಿ ತೂತು ತಪ್ಪಿ, ಇನ್ನೊಂದು ಹೊಡೆತ ಬಿದ್ದಿದ್ದರೂ ಕಾರ್ಡ್ ಸಿಗುತ್ತಿತ್ತು.

ಇಲ್ಲಿ ನನಗೆ ಬೇರೆ ತರಹ ಬರೆದು ಅಭ್ಯಾಸ. ಯಾವನೋ ಒಬ್ಬ ಅನ್ಯಾಯ ಮಾಡಿರುತ್ತಾನೆ, ಅವನ ಹೆಸರು ಬರೆಯುತ್ತೇವೆ, ಅವನ ಕಚೇರಿ ಮುಂದೆ ಧರಣಿ ಕೂಡುತ್ತೇವೆ. ಇಲ್ಲಿ ಯಾರ ಮುಂದೆ ಕೂಡಲಿ? ಆ ಅಧಿಕಾರಿ ಒಳ್ಳೆಯವನು, ನಿಯಮ ಎಲ್ಲರಿಗೂ ಒಂದೇ, ಕುನಾಲ ಹೊಗಳಿದ್ದು ಮನಸಾರೆ. ಕಿತ್ತ ಕೈ ಹದಿನೈದು ವರ್ಷ ಅದೇ ಕೆಲಸ ಮಾಡಿದ ಕೈ.

ಇಬ್ಬರೂ ಊರಿಗೆ ಹೊರಟರು. ರೈಲಿನಲ್ಲಿ ಕಲಬುರ್ಗಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಹುಮನಾಬಾದಿನಲ್ಲಿ ಇಳಿದರು. ದುಬಲಗುಂಡಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಎರಡು ಚಹಾ ತಂದಳು. ಅವನು ಕಪ್ಪು ಹಿಡಿದುಕೊಂಡು ಕೇಳಿದ:

"ಕಿತ್ತಿದ್ದು ಹೋಗ್ಲಿ. ಅದನ್ನ ಹೇಳಿದ್ಯಾಕ?"

"ಕೇಳಿದ್ರು. ಹೇಳಿದೆ."

"ಕೇಳಿದ್ರ ಎಲ್ಲಾ ಹೇಳಬೇಕಂತದೇನು? ಬಾಯಿ ಮುಚ್ಕೊಂಡ ಇರಾಕ ಆಗಲಿಲ್ಲೇನು ನಿನಗ?"

ಅವಳು ತನ್ನ ಕಪ್ಪನ್ನು ಬೆಂಚಿನ ಮೇಲಿಟ್ಟಳು. "ಹದಿನೈದು ವರ್ಷದಾಗ ನನಗ ಯಾರ್ ಏನ್ ಕೇಳ್ಯಾರ್ರಿ?" ಎಂದಳು. "ಮೊದಲನೇ ಸಲ ಒಬ್ಬ ಸಾಹೇಬ ನೀ ಹ್ಯಾಂಗ ಮಾಡ್ತಿ ಅಂತ ಕೇಳ್ದ. ನನಗ ಖುಷಿ ಆತು. ಹೇಳಿದೆ."

ಅವನು ಚಹಾ ಚೆಲ್ಲಿ ಎದ್ದುಹೋಗಿ ಊರುಗಳ ಹೆಸರಿನ ಫಲಕದ ಕೆಳಗೆ ನಿಂತ. ಇಷ್ಟೇ ನಡೆದದ್ದು. ಕೈ ಎತ್ತಲಿಲ್ಲ, ದೊಡ್ಡ ದನಿ ಮಾಡಲಿಲ್ಲ. ಮಾಡಿದ್ದರೆ ಅವಳೂ ಒಂದು ಮಾತು ಎಸೆದು, ಜಗಳ ಮುಗಿದು, ರೊಟ್ಟಿ ತಿಂದು ಮಲಗುತ್ತಿದ್ದರೇನೋ.

ಊರಿನಲ್ಲಿ ಸುದ್ದಿ ತನಗೆ ಬೇಕಾದ ರೂಪ ತಾಳಿತು. ಹೆಂಗಸನ್ನು ಕರೆದುಕೊಂಡು ಹೋದರೆ ಹೀಗೇ ಎಂದವರು ಕೆಲವರು. ಸೋನುಬಾಯಿ ಮಾತ್ರ ಸೊಸೆಯ ಪರವಾಗಿ ಓಣಿಯ ಬಾಯಿಗೆ ಎದುರು ನಿಂತಳು. "ಕಸಾ ಕಿತ್ತರ ದಂಡಾ ಹಾಕೋ ಆಟ, ಬೆಂಕಿ ಬೀಳ್ಲಿ ಅದಕ್ಕ. ಕಸಾ ಬಿಟ್ಟವಗ ಇನಾಮ ಕೊಡ್ತಾರೇನು? ಹಂಗಿದ್ರ ನಮ್ಮ ಊರ ಗೌಡನ ಹೊಲಕ್ಕ ಕೊಡ್ರಿ ಮೊದಲ." ಮಗನಿಗೂ ಬಯ್ದಳು. ಮಗ ಕೇಳಿಕೊಂಡ, ಏನೂ ಅನ್ನಲಿಲ್ಲ. ಏನೂ ಅನ್ನದೇ ಇರುವುದು ಆ ಮನೆಯಲ್ಲಿ ಆಗ ಅಭ್ಯಾಸವಾಗಿತ್ತು.

ಮರುವರ್ಷ ಅವನಿಗೆ ಮತ್ತೊಂದು ಅವಕಾಶ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ತಯಾರಾದ. ದ್ರೌಪತಿಯನ್ನೇ ಕರೆದ. ಅವಳು ಬರುವುದಿಲ್ಲ ಎಂದಳು. ಅವನು ಮೂರು ಸಲ ಕರೆದ. ಕೊನೆಗೆ, ನನ್ನ ಕಣ್ಣು ನೀನೇ, ನೀ ಇಲ್ಲದೆ ಹೋದರೆ ಕಾರ್ಡಿನ ಆಸೆ ಬಿಟ್ಟಂತೆಯೇ ಎಂದ. ಅವನು ಅಂಥ ಮಾತು ಆಡಿದ್ದು ಮದುವೆಯಾದ ಮೇಲೆ ಮೊದಲ ಸಲ. ಬಂದಳು.

ಬಂದಳು, ಅಷ್ಟೇ. ನಾಲ್ಕೂ ದಿನ ಚೀಲ ಹೊತ್ತಳು, ಬಾವುಟ ಹಿಡಿದಳು, ಚೆಂಡು ಒರೆಸಿ ಕೊಟ್ಟಳು. ಗ್ರೀನಿಗೆ ಕಾಲಿಟ್ಟ ಕೂಡಲೇ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಬಿಗಿಯಾಗಿ ಹಿಡಿದು. ಕೂಡುತ್ತಿರಲಿಲ್ಲ, ಕೂತರೆ ಕೈ ನೆಲಕ್ಕೆ ಹೋದೀತೆಂದು. ಮೊದಲ ತೂತಿನಲ್ಲಿ ಅವನು ಕೇಳಿದ:

"ಹ್ಯಾಂಗದ?"

"ನಿಮಗ ತಿಳೀತದಲ್ಲ."

"ತಿಳಿದ್ರ ನಿನಗ್ಯಾಕ ಕೇಳ್ತಿದ್ದೆ? ಹೇಳು."

"ಎಡಕ್ಕ ಇರಬೇಕು. ಬಲಕ್ಕೂ ಇರಬಹುದು. ನೀವೇ ನೋಡ್ರಿ."

ಸಿಟ್ಟಿನಿಂದ ಹಾಗೆ ಹೇಳಲಿಲ್ಲ. ಅದನ್ನು ಅವನು ನನಗೆ ಒತ್ತಿ ಹೇಳಿದ. ಅವಳು ಹೆದರಿದ್ದಳು. ಹೇಳಿದರೆ ಏನು ತಪ್ಪಾಗುತ್ತದೋ, ಯಾವ ಮಾತಿಗೆ ಯಾವ ದಂಡವೋ ಎಂದು. ಎರಡನೆಯ ದಿನದ ಹೊತ್ತಿಗೆ ಕಣ್ಣಿಂದ ನೋಡುವುದನ್ನೂ ಬಿಟ್ಟಿದ್ದಳು; ಅವನ ಬೂಟು ನೋಡುತ್ತ ನಿಲ್ಲುತ್ತಿದ್ದಳು. ಮಚ್ಚೇಂದ್ರ ಮೂರನೆಯ ದಿನ ಕೇಳುವುದನ್ನು ನಿಲ್ಲಿಸಿದ. ಹನ್ನೊಂದು ಹೊಡೆತಗಳಿಂದ ಕಾರ್ಡ್ ತಪ್ಪಿತು. ಹಿಂದಿನ ವರ್ಷ ಒಂದು, ಈ ವರ್ಷ ಹನ್ನೊಂದು. ಡೇರೆಯಲ್ಲಿ ಅದೇ ಅಧಿಕಾರಿ ಇದ್ದ. ದ್ರೌಪತಿಯನ್ನು ಗುರುತು ಹಿಡಿದು ನಮಸ್ಕಾರ ಮಾಡಿದ. ಅವಳು ಡೇರೆಯ ಒಳಗೆ ಬರಲಿಲ್ಲ.

ಆಮೇಲೆ ಮಚ್ಚೇಂದ್ರ ಆಟ ಬಿಟ್ಟ. ಕೋಲುಗಳನ್ನು ಹೈದರಾಬಾದಿನ ಒಬ್ಬ ಹೊಸ ಕ್ಯಾಡಿಗೆ ಕೊಟ್ಟುಬಂದ. ಈಗ ಹುಮನಾಬಾದಿನಲ್ಲಿ ಸರಕು ಸಾಗಿಸುವ ಸಣ್ಣ ಟೆಂಪೊ ಓಡಿಸುತ್ತಾನೆ. ಸಿಮೆಂಟು, ಬೆಲ್ಲ, ಮದುವೆ ಮನೆಯ ಕುರ್ಚಿ. ದ್ರೌಪತಿ ಊರಲ್ಲೇ ಇದ್ದಾಳೆ. ಜಗಳವಿಲ್ಲ. ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ಏನಾದರೂ ಬೇಕೇ ಎಂದು ಅವನು ಪೇಟೆಗೆ ಹೋಗುವಾಗ ಕೇಳಿದರೆ ಬೇಕು ಬೇಡ ಎನ್ನುತ್ತಾಳೆ. ಹೇಗಿದೆ, ಏನನ್ನಿಸುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಇಲ್ಲ. ಅವಳ ಓಣಿಯ ಹೆಂಗಸರು ಮೊದಲು ಬೀಜ ಹಾಕುವ ಮುಂಚೆ ಅವಳನ್ನು ಕರೆದು ಮಣ್ಣು ತೋರಿಸುತ್ತಿದ್ದರು, ಹದ ಬಂದಿದೆಯೇ ಎಂದು. ಈಗ ಕರೆಯುವುದಿಲ್ಲ. ಕರೆದರೂ "ನನಗೇನ ತಿಳೀತದ ಬಿಡ್ರಿ" ಎನ್ನುತ್ತಾಳೆ.

ಇದರಲ್ಲಿ ನನ್ನದೂ ಒಂದು ಪಾಲಿದೆ. ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಬಸವಕಲ್ಯಾಣದಲ್ಲಿ ನಮ್ಮ ಸಂಘಟನೆಯವರು ಹದಿನಾಲ್ಕನೆಯ ತಾರೀಕಿನ ಜಯಂತಿಯ ಕಾರ್ಯಕ್ರಮ ಇಟ್ಟಿದ್ದರು. ನಮ್ಮ ಜನರಲ್ಲಿ ಸಾಧನೆ ಮಾಡಿದವರಿಗೆ ಸತ್ಕಾರ. ಪಟ್ಟಿಗೆ ಮಚ್ಚೇಂದ್ರನ ಹೆಸರು ಸೇರಿಸಿದವನು ನಾನು. "ನಾ ಸೋತವ ಕಾಕಾ, ನನಗ್ಯಾಕ ಶಾಲು?" ಎಂದ. ಹೆಂಡತಿಯನ್ನೂ ಕರೆದುಕೊಂಡು ಬಾ, ಶಾಲು ಅವಳಿಗೂ ಇದೆ ಎಂದೆ. ಆ ಮಾತಿಗೆ ಒಪ್ಪಿದ. ಅವಳಿಗೆ ಸತ್ಕಾರವಾದರೆ ಏನೋ ಸರಿಯಾದೀತು ಎಂದು ಅವನು ಅಂದುಕೊಂಡಿರಬೇಕು. ನಾನಂತೂ ಹಾಗೆಯೇ ಅಂದುಕೊಂಡಿದ್ದೆ. ವೇದಿಕೆ, ಚಪ್ಪಾಳೆ, ಮೈಕು ಇವುಗಳಿಂದ ಮನುಷ್ಯರು ಎದ್ದು ನಿಲ್ಲುತ್ತಾರೆಂದು ಜೀವಮಾನವಿಡೀ ನಂಬಿದ ಮೂರ್ಖ ನಾನು.

ಶಾಲು ಹೊದಿಸಿದರು. ಅವನು ಎರಡು ಮಾತು ಆಡಿ ಕೂತ. ಕಾರ್ಯಕ್ರಮದ ಪಟ್ಟಿಯಲ್ಲಿ ಇಲ್ಲದಿದ್ದರೂ ನಾನೇ ಎದ್ದು, ದ್ರೌಪತಿ ಗಾಲ್ಫಿನ ಹುಲ್ಲು ಓದುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದು ಹೇಗೆಂದು ಅವಳ ಬಾಯಿಂದಲೇ ಕೇಳೋಣ ಎಂದು ಮೈಕು ಅವಳ ಕೈಗೆ ಕೊಟ್ಟೆ. ಮುಂದೆ ನಾನೂರು ಐನೂರು ಜನ. ಹುಲಸೂರದಿಂದ ಬಂದಿದ್ದ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲೇ ಕೂತಿದ್ದರು.

ಅವಳು ಮೈಕನ್ನು ಎರಡೂ ಕೈಯಿಂದ ಹಿಡಿದಳು. ಮಚ್ಚೇಂದ್ರನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ್ದ. ಒಂದು ನಿಮಿಷ ಆಗಿರಬೇಕು. ವೇದಿಕೆಯ ಮೇಲಿದ್ದ ಒಬ್ಬರು, "ಹೆದರಬ್ಯಾಡವ್ವಾ, ನಮ್ಮ ಮಂದೀನೇ ಅದಾರ" ಎಂದರು.

"ನನಗೇನ ಗೊತ್ತಿಲ್ಲರಿ," ಎಂದಳು. "ಅವರಿಗೇ ಕೇಳ್ರಿ."

ಮೈಕು ನನ್ನ ಕೈಗೆ ಕೊಟ್ಟು ಕೂತಳು. ಜನ ಚಪ್ಪಾಳೆ ಹೊಡೆದರು. ವಿನಯ ಎಂದುಕೊಂಡರು.

ಬಸ್ ನಿಲ್ದಾಣದ ತನಕ ನಾನು ಅವರ ಜೊತೆ ನಡೆದೆ. ಅವಳು ಶಾಲುಗಳನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಮುಂದೆ ಹೋಗುತ್ತಿದ್ದಳು. ಮಚ್ಚೇಂದ್ರ ನನ್ನ ಬಗಲಿಗೆ ಬಂದ.

"ಕಾಕಾ, ಕಾರ್ಡ್ ಹೋಗಿದ್ದು ಎರಡು ಹೊಡತದಿಂದ ಅಲ್ಲರಿ. ಅವತ್ತು ಒಂದು ಹೊಡತಾ ನಾನೂ ಹೊಡದೆ, ಬಾಯಿಲೆ. ಹುಮನಾಬಾದ ಸ್ಟ್ಯಾಂಡಿನ್ಯಾಗ."

"ಅವಳಿಗಿ ಹೇಳಿಯೇನು ಇದನ್ನ?"

"ದಿನಾ ಹೇಳ್ತೀನಿ. ನನ್ನ ತಪ್ಪು, ನೀ ಮಾಡಿದ್ದು ಬರೋಬರಿ ಇತ್ತು, ನೀ ಹೇಳಿದ್ದೂ ಬರೋಬರಿ ಇತ್ತು ಅಂತ. ಹೂಂ ಅಂತಾಳ. ನಾ ಬಯ್ದರೂ ಹೂಂ, ಕಾಲ ಹಿಡದರೂ ಹೂಂ." ಮುಂದೆ ಹೋಗುತ್ತಿದ್ದವಳ ಕಡೆ ನೋಡಿ ಹೇಳಿದ, "ಮೊದಲ ನನ್ನ ಬಯ್ತಿದ್ದಳರಿ ಅಕಿ. ಭಾಳ ಬಯ್ತಿದ್ದಳು. ಬೂಟ ಹಾಕ್ಕೊಂಡ ಬಂದೀರಿ ಅಂತಿದ್ದಳು."

ಹುಮನಾಬಾದಿನ ಬಸ್ಸು ಬಂತು. ಜನ ನುಗ್ಗಿದರು. ದ್ರೌಪತಿ ಮೊದಲು ಹತ್ತಿ, ಇಬ್ಬರಿಗೂ ಜಾಗ ಹಿಡಿದು, ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟು ಕಿಟಕಿಯಿಂದ ಹೊರಗೆ ನೋಡಿದಳು. ಮಚ್ಚೇಂದ್ರ ಗದ್ದಲದಲ್ಲಿ ಹಿಂದಿನ ಬಾಗಿಲ ಕಡೆ ಹೊರಟಿದ್ದ. ಅವಳು ಎಲ್ಲಿದ್ದಾಳೆಂದು ಅವನಿಗೆ ಕಾಣುತ್ತಿರಲಿಲ್ಲ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅವಳು ಕಿಟಕಿಯ ಸರಳುಗಳ ನಡುವಿನಿಂದ ಕೈ ಹೊರಗೆ ಚಾಚಿ, ಅವನು ನೋಡುವ ತನಕ ಅದನ್ನು ಆಡಿಸುತ್ತ ಕೂತಿದ್ದಳು.